ಗೊಂಬೆ ಕೂಸಿನ ತಲೆಗೆ ಮೋಹೇರ್ ನೆಡುವುದು ಹೇಗೆ? ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ತೊಟ್ಟಿಲಲ್ಲಿ ಮಲಗಿಸಿದರೆ ನಿಜವಾದ ಕೂಸೇ ಎನ್ನಿಸುವ ರಿಬಾರ್ನ್ ಗೊಂಬೆಗಳನ್ನು ನೀವು ನೋಡಿರಬಹುದು. 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಕಲೆ ಇದು. ವಿನೈಲ್ ಎಂಬ ಮೆದು ಪ್ಲಾಸ್ಟಿಕ್ಕಿನ ಬೋಳು ತಲೆ, ಕೈ, ಕಾಲುಗಳ ಕಿಟ್ ತರಿಸಿ, ಪದರದ ಮೇಲೆ ಪದರ ಬಣ್ಣ ಹಚ್ಚಿ, ಕೊನೆಗೆ ತಲೆಗೆ ಮೋಹೇರ್ ಎಂಬ ಆಡಿನ ಕೂದಲು ನೆಡುತ್ತಾರೆ. ಈಗ ನಮ್ಮ ಕಾರವಾರ, ಶಿರಸಿ ಕಡೆಯಲ್ಲೂ ಮನೆಯಲ್ಲೇ ಕೂತು ಇದನ್ನು ಕಲಿಯಬೇಕು ಅನ್ನುವವರು ಸಿಗುತ್ತಾರೆ. ಶ್ರೀಗಂಧ ಕೆತ್ತುವ ಗುಡಿಗಾರರ ಜಿಲ್ಲೆ ಇದು. ಸಣ್ಣ ಕೆಲಸಕ್ಕೆ ಬೇಕಾದ ತಾಳ್ಮೆ ನಮ್ಮವರಿಗೆ ಹೊಸದಲ್ಲ.

ಬಣ್ಣ ಹಚ್ಚುವುದನ್ನು ಹೆಚ್ಚಿನವರು ಬೇಗ ಹಿಡಿದುಕೊಳ್ಳುತ್ತಾರೆ. ಕೈ ಸೋಲುವುದು ಕೂದಲಿಗೆ. ತಲೆ ತುಂಬ ಒತ್ತಾಗಿ ನೆಟ್ಟರೂ ಟೋಪಿ ಇಟ್ಟಂತೆ ಕಾಣುತ್ತದೆ, ಇಲ್ಲವೇ ಕೂದಲೆಲ್ಲ ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಆಗ ಇನ್ನೂ ಜಾಸ್ತಿ ಕೂದಲು ಹಾಕುತ್ತಾರೆ. ಅದು ಇನ್ನೂ ಕೆಡುತ್ತದೆ. ಕೂಸಿನ ತಲೆ ಕೂಸಿನ ತಲೆಯ ಹಾಗೆ ಕಾಣುವುದು ಕೂದಲು ಎಷ್ಟಿದೆ ಎನ್ನುವುದರಿಂದಲ್ಲ. ಪ್ರತಿ ಎಳೆ ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಹೊರಬಂದಿದೆ ಎನ್ನುವುದರಿಂದ. ಉಳಿದದ್ದೆಲ್ಲ ಅಭ್ಯಾಸದಿಂದ ಬರುತ್ತದೆ. ಇದೊಂದನ್ನು ಮಾತ್ರ ಮೊದಲ ದಿನವೇ ತಲೆಗೆ ಹಾಕಿಕೊಳ್ಳಿ.

ಮೊದಲು ಒಂದು ಕೂಸಿನ ತಲೆ ನೋಡಿ

ಸೂಜಿ ಹಿಡಿಯುವ ಮುಂಚೆ ಬಾಣಂತಿ ಇರುವ ಮನೆಗೊಮ್ಮೆ ಹೋಗಿ ಬನ್ನಿ. ಕೂಸಿಗೆ ಮೀಯಿಸುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಒದ್ದೆ ತಲೆಯಲ್ಲಿ ಕೂದಲಿನ ದಿಕ್ಕು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಕೇರಿಯಲ್ಲಿ ಕೂಸುಗಳಿಗೆ ಮೀಯಿಸುವ ಅಜ್ಜಿಯೊಬ್ಬರು ನನಗೆ ಹೇಳಿದ್ದು ಇಷ್ಟೇ: "ಸುಳಿ ನೋಡು ತಂಗಿ, ಎಲ್ಲಾ ಅಲ್ಲಿಂದಲೇ ತಿರುಗ್ತದೆ." ಕೂದಲು ನೆಡುವ ವಿದ್ಯೆಯ ಅರ್ಧ ಪಾಠ ಆ ಒಂದು ಮಾತಿನಲ್ಲಿದೆ.

ಸುಳಿ ಇರುವುದು ನಡುನೆತ್ತಿಯಲ್ಲಲ್ಲ. ಅದಕ್ಕಿಂತ ಸ್ವಲ್ಪ ಹಿಂದೆ, ಸಾಮಾನ್ಯವಾಗಿ ತುಸು ಪಕ್ಕಕ್ಕೆ ಇರುತ್ತದೆ. ಹೆಚ್ಚಿನವರಲ್ಲಿ ಅದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗುತ್ತದೆ. ಕೆಲವರಿಗೆ ಎರಡು ಸುಳಿ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಅಂತ ನಮ್ಮಲ್ಲಿ ಹೇಳುತ್ತಾರಲ್ವಾ, ಗೊಂಬೆಗೂ ಬೇಕಾದರೆ ಎರಡು ಹಾಕಬಹುದು. ಆದರೆ ಮೊದಲ ಗೊಂಬೆಗೆ ಒಂದೇ ಸಾಕು.

ಸುಳಿಯಿಂದ ಹೊರಟ ಕೂದಲು ಮುಂದೆ ಹಣೆಯ ಕಡೆ ಇಳಿಯುತ್ತದೆ. ಕಿವಿಯ ಮೇಲೆ ಮುಂದಕ್ಕೆ ಮತ್ತು ಕೆಳಕ್ಕೆ ಹೋಗುತ್ತದೆ, ಹಿಂದೆ ಕುತ್ತಿಗೆಯ ಕಡೆ ಹರಿಯುತ್ತದೆ. ಹಣೆಯ ಅಂಚಿನಲ್ಲಿ ಗೆರೆ ಎಳೆದ ಹಾಗೆ ಶುರುವಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ತೆಳು ಎಳೆ, ಆಮೇಲೆ ಸ್ವಲ್ಪ ಒತ್ತು, ಆಮೇಲೆ ಇನ್ನೂ ಒತ್ತು. ಮೂರ್ನಾಲ್ಕು ತಿಂಗಳ ಕೂಸಾದರೆ ಹಿಂದಲೆ ಹಾಸಿಗೆಗೆ ಉಜ್ಜಿ ಉಜ್ಜಿ ಅಲ್ಲೊಂದು ಪಟ್ಟಿ ಬೋಳಾಗಿರುತ್ತದೆ. ಇದನ್ನೆಲ್ಲ ಮನೆಯವರ ಒಪ್ಪಿಗೆ ಕೇಳಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಎಲ್ಲ ಹಂತದಲ್ಲೂ ಈ ಫೋಟೊ ಬೇಕಾಗುತ್ತದೆ.

ಏನೇನು ಬೇಕು

ಮೋಹೇರ್ ಅಂದರೆ ಅಂಗೋರಾ ಆಡಿನ ಕೂದಲು. ಈ ತಳಿಗೆ ಟರ್ಕಿಯ ಅಂಕಾರಾದಿಂದ ಹೆಸರು ಬಂದಿದೆ. ಈಗ ಅತಿ ಹೆಚ್ಚು ಮೋಹೇರ್ ಬರುವುದು ದಕ್ಷಿಣ ಆಫ್ರಿಕಾದಿಂದ. ಅಂಗೋರಾ ಮೊಲದ ಉಣ್ಣೆ ಬೇರೆ, ಇದು ಬೇರೆ. ಆರ್ಡರ್ ಮಾಡುವಾಗ ನೋಡಿಕೊಳ್ಳಿ. ಕೊಳ್ಳಬೇಕಾದ್ದು ಮರಿ ಆಡಿನ ಕೂದಲು, 'ಕಿಡ್ ಮೋಹೇರ್' ಎಂದು ಮಾರುತ್ತಾರೆ. ಅದರ ಎಳೆ ಸುಮಾರು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ. ಬೆಳೆದ ಆಡಿನದು 40ರ ಹತ್ತಿರ ಹೋಗುತ್ತದೆ. ದೊಡ್ಡವರ ತಲೆಕೂದಲು 50ರಿಂದ 100 ಮೈಕ್ರಾನ್ ಇರುತ್ತದೆ. ಹಾಗಾಗಿ ಮನುಷ್ಯರ ಕೂದಲನ್ನು ಗೊಂಬೆಗೆ ನೆಟ್ಟರೆ ಪೊರಕೆ ಕಡ್ಡಿಯ ಹಾಗೆ ಎದ್ದು ಕಾಣುತ್ತದೆ. ನವಜಾತ ಕೂಸಿನ ಅಳತೆಯ ಒಂದು ತಲೆಗೆ ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ಮೋಹೇರ್ ಸಾಮಾನ್ಯವಾಗಿ ಸಾಕು.

ಬಣ್ಣದ ವಿಷಯದಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ನಮ್ಮ ಕೂಸುಗಳ ಕೂದಲು ಕಪ್ಪು ಅಂತ ಕಡುಗಪ್ಪು ಮೋಹೇರ್ ತರಿಸಬೇಡಿ. ಅಷ್ಟು ಸಣ್ಣ ತಲೆಯ ಮೇಲೆ ಅದು ಮಸಿ ಬಳಿದಂತೆ ಕಾಣುತ್ತದೆ. ಕೂಸನ್ನು ಜಗಲಿಯ ಬೆಳಕಿನಲ್ಲಿ ಎತ್ತಿ ಹಿಡಿದು ನೋಡಿ, ಎಳೆಗೂದಲು ಕಂದು ಹೊಳೆಯುತ್ತದೆ. ಕಡುಕಂದು ತರಿಸಿ. ಅಂಚಿಗೆ ಅದಕ್ಕಿಂತ ತುಸು ತಿಳಿಯಾದದ್ದು ಒಂದಿಷ್ಟಿರಲಿ.

ಸೂಜಿ ಹೊಲಿಗೆಯದ್ದಲ್ಲ. ಉಣ್ಣೆ ಕೆಲಸಕ್ಕೆ ಬಳಸುವ ಫೆಲ್ಟಿಂಗ್ ಸೂಜಿ. ಇದಕ್ಕೆ ದಾರದ ಕಣ್ಣಿಲ್ಲ. ತುದಿಯ ಹತ್ತಿರ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಒಳಗೆ ಚುಚ್ಚುವಾಗ ಆ ಕಚ್ಚು ಕೂದಲನ್ನು ಹಿಡಿದು ಒಳಗೆ ಒಯ್ಯುತ್ತದೆ, ಹೊರಗೆ ಎಳೆಯುವಾಗ ಬಿಟ್ಟು ಬರುತ್ತದೆ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಪೂರ. ಹಿಂದಲೆಗೆ 40, ಉಳಿದ ತಲೆಗೆ 42, ಹಣೆಯ ಅಂಚಿಗೆ 43 ತರಿಸಿ. ತುದಿಯಲ್ಲಿ ಕವೆ ಇರುವ ಸೂಜಿಯೂ ಸಿಗುತ್ತದೆ. ಕೈ ಪಳಗಿದ ಮೇಲೆ ಅದು ಚೆನ್ನ. ಕಚ್ಚು ಉಲ್ಟಾ ಇರುವ ಸೂಜಿಯೂ ಇದೆ. ಅದು ಕೂದಲನ್ನು ಹೊರಗೆಳೆಯುತ್ತದೆ, ಈ ಕೆಲಸಕ್ಕೆ ಬೇಡ. ಪ್ರತಿ ಗೇಜಿನಲ್ಲೂ ಹತ್ತಾರು ಸೂಜಿ ಇಟ್ಟುಕೊಳ್ಳಿ, ಮುರಿಯದೆ ಇರುವುದಿಲ್ಲ. ಸೂಜಿಯೂ ಮೋಹೇರೂ ಇಲ್ಲಿಯ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಆನ್‌ಲೈನ್‌ನಲ್ಲೇ ತರಿಸಬೇಕು. ಹೊರದೇಶದ ಪಾರ್ಸೆಲ್‌ಗೆ ಕಸ್ಟಮ್ಸ್ ಸುಂಕ ಬೀಳಬಹುದು, ಆ ಲೆಕ್ಕವನ್ನೂ ಹಾಕಿಕೊಳ್ಳಿ.

ಇನ್ನು ಸೂಜಿಗೊಂದು ಹಿಡಿ, ಬೆರಳಿಗೆ ಚರ್ಮದ ಬೆರಳುಗವಸು, ಹೇರ್ ಡ್ರೈಯರ್, ಹೇನು ಬಾಚುವ ಸಣ್ಣ ಹಲ್ಲಿನ ಹಣಿಗೆ, ಮೊನಚಾದ ಪುಟ್ಟ ಕತ್ತರಿ, ಮೆತ್ತನೆಯ ಟೂತ್‌ಬ್ರಷ್, ನೀರಿನಲ್ಲಿ ಕರಗುವ ಜಲವರ್ಣದ ಪೆನ್ಸಿಲ್ ಬೇಕು. ಬಾಲ್‌ಪೆನ್ ಮಾತ್ರ ಗೊಂಬೆಯ ಹತ್ತಿರ ತರಲೇಬೇಡಿ. ಶಾಯಿ ವಿನೈಲ್ ಒಳಗೆ ಇಳಿದು ಹರಡುತ್ತದೆ, ಮತ್ತೆ ಹೋಗುವುದಿಲ್ಲ.

ತಲೆ ಮತ್ತು ಕೂದಲಿನ ತಯಾರಿ

ಬಣ್ಣದ ಕೆಲಸ ಪೂರ್ತಿ ಮುಗಿದಿರಬೇಕು. ಹೆಚ್ಚಿನ ರಿಬಾರ್ನ್ ಬಣ್ಣಗಳನ್ನು ಸುಮಾರು 130 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಇದಕ್ಕೆ ಅಡುಗೆಯ ಓವನ್ ಬಳಸಬೇಡಿ, ಬೇರೆಯದೇ ಇರಲಿ. ಕೂದಲು ನೆಟ್ಟ ತಲೆಯನ್ನು ಮತ್ತೆ ಓವನ್‌ಗೆ ಇಡುವಂತಿಲ್ಲ. ಹಾಗಾಗಿ ಕೊನೆಯ ವಾರ್ನಿಷ್ ಕೂಡ ಮೊದಲೇ ಆಗಿರಲಿ. ಬಣ್ಣ ಹಚ್ಚುವಾಗಲೇ ತಲೆಯ ಮೇಲೆ ತೆಳುವಾಗಿ ಕೂದಲಿನ ಗೆರೆ ಬರೆದಿಟ್ಟರೆ ತುಂಬ ಅನುಕೂಲ. ನೆಟ್ಟ ಕೂದಲು ವಿರಳವಾಗಿದ್ದರೂ ಬೋಳು ಕಾಣುವುದಿಲ್ಲ.

ಮೋಹೇರ್ ಬಣ್ಣ ಹಾಕಿದ್ದಾದರೆ ಒಮ್ಮೆ ತೊಳೆದೇ ಬಳಸಿ. ಬಿಟ್ಟ ಬಣ್ಣ ಗೊಂಬೆಯ ಚರ್ಮಕ್ಕೆ ಇಳಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಹಾಕಿ, ಎಸಳನ್ನು ಸುಮ್ನೆ ಅದ್ದಿ ಬಿಡಿ. ಉಜ್ಜಿದರೆ ಗಂಟಾಗುತ್ತದೆ. ನೀರು ತಿಳಿಯಾಗುವ ತನಕ ಬದಲಿಸಿ, ಟವೆಲ್ ಮೇಲೆ ಹರವಿ ನೆರಳಲ್ಲಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಇದಕ್ಕೆ ಫ್ಯಾನ್ ಬೇಕೇ ಬೇಕು. ಒದ್ದೆಯಾಗಿ ಉಳಿದರೆ ಮುಗ್ಗು ವಾಸನೆ ಹತ್ತುತ್ತದೆ.

ಒಣಗಿದ ಮೇಲೆ ಪೆನ್ಸಿಲಿನ ದಪ್ಪಕ್ಕಿಂತ ಸಣ್ಣ ಎಸಳುಗಳಾಗಿ ಬಿಡಿಸಿ. ಒಂದು ತುದಿ ಕತ್ತರಿಸಿದ್ದು, ಇನ್ನೊಂದು ತುದಿ ತಾನೇ ಸಪೂರವಾಗಿ ಮುಗಿಯುವಂಥದ್ದು. ನೆಡಬೇಕಾದ್ದು ಕತ್ತರಿಸಿದ ತುದಿಯನ್ನು. ಸಪೂರ ತುದಿ ಹೊರಗಿದ್ದರೆ ಮಾತ್ರ ಎಳೆಗೂದಲಿನ ಮೆದು ನೋಟ ಬರುತ್ತದೆ. ಎಲ್ಲ ಎಸಳುಗಳ ಕತ್ತರಿಸಿದ ತುದಿ ಒಂದೇ ಕಡೆಗೆ ಬರುವಂತೆ ಬಟ್ಟೆಯ ಮೇಲೆ ಜೋಡಿಸಿಡಿ.

ತಲೆಯ ಮೇಲೆ ನಕ್ಷೆ

ಜಲವರ್ಣದ ಪೆನ್ಸಿಲಿನಿಂದ ಮೊದಲು ಸುಳಿಗೊಂದು ಚುಕ್ಕಿ ಇಡಿ. ಅದರ ಸುತ್ತ ತಿರುಗುವ ಸುರುಳಿ ಬರೆಯಿರಿ. ಸುರುಳಿಯಿಂದ ಹೊರಟು ಹಣೆಗೆ, ಕಿವಿಗೆ, ಕುತ್ತಿಗೆಗೆ ಇಳಿಯುವ ಬಾಣಗಳನ್ನು ಹಾಕಿ. ಬಾಣ ನೇರ ಗೆರೆಯಾಗಬಾರದು, ಸುಳಿ ತಿರುಗುವ ಕಡೆಗೆ ತುಸು ಬಾಗಿರಬೇಕು. ಕೂದಲಿನ ಅಂಚನ್ನು ತೀರಾ ತೆಳುವಾಗಿ ಗುರುತಿಸಿ. ಫೋಟೊ ಪಕ್ಕದಲ್ಲಿಟ್ಟು ಹೋಲಿಸಿ. ಸರಿಯಾಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಿರಿ. ಇಲ್ಲಿ ಒಂದು ಸಂಜೆ ಪೂರ್ತಿ ಹೋದರೂ ಚಿಂತೆಯಿಲ್ಲ. ತಿಂಗಳುಗಟ್ಟಲೆ ಮಾಡುವ ಕೆಲಸಕ್ಕೆ ಈ ಬಾಣಗಳೇ ಆಧಾರ.

ಸೂಜಿ ಹಿಡಿಯುವ ಬಗೆ

ತಕ್ಷಣ ಒಳ್ಳೆಯ ತಲೆಗೆ ಕೈಹಾಕಬೇಡಿ. ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ಜಾತ್ರೆಗಳಲ್ಲಿ ಒತ್ತಿದರೆ ಪೀಂ ಎನ್ನುವ ಮೆತ್ತನೆಯ ಗೊಂಬೆ ಸಿಗುತ್ತದಲ್ಲ, ಅಂಥದ್ದರ ಮೇಲೆ ಅಭ್ಯಾಸ ಮಾಡಿ. ಗಟ್ಟಿ ಪ್ಲಾಸ್ಟಿಕ್ಕಿನದು ಬೇಡ, ಸೂಜಿ ಮುರಿಯುತ್ತದೆ.

ತಲೆಯನ್ನು ಸುತ್ತಿದ ಟವೆಲ್ಲಿನ ಸಿಂಬೆಯ ಮೇಲೆ ಕೂರಿಸಿ. ನೆಡುವ ಜಾಗಕ್ಕೆ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಡಿ. ವಿನೈಲ್ ಮೆದುವಾದರೆ ಸೂಜಿ ಸಲೀಸಾಗಿ ಇಳಿಯುತ್ತದೆ, ಕೈಯೂ ನೋಯುವುದಿಲ್ಲ. ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು.

ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಸಳು ಹಿಡಿದು, ಅದರಿಂದ ಎರಡು ಮೂರು ಎಳೆ ಮಾತ್ರ ಮುಂದೆ ಚಾಚಿ ತಲೆಯ ಮೇಲೆ ಒರಗಿಸಿ. ಕತ್ತರಿಸಿದ ತುದಿಯಿಂದ ಸುಮಾರು ಅರ್ಧ ಸೆಂಟಿಮೀಟರ್ ಬಿಟ್ಟು, ಎಳೆಯ ಮೇಲೆಯೇ ಸೂಜಿಯ ಮೊನೆ ಇಡಿ. ಈಗ ಓರೆಯಾಗಿ ಒಳಗೆ ತಳ್ಳಿ. ವಿನೈಲ್ ದಾಟುವಾಗ 'ಟಕ್' ಎಂಬ ಸಣ್ಣ ಅನುಭವ ಕೈಗೆ ಸಿಗುತ್ತದೆ. ಅಲ್ಲಿಂದ ಅರ್ಧ ಸೆಂಟಿಮೀಟರಿನಷ್ಟು ಮುಂದೆ ಹೋದರೆ ಸಾಕು. ಹೋದ ದಾರಿಯಲ್ಲೇ ನೇರ ಹಿಂದಕ್ಕೆ ಎಳೆಯಿರಿ. ಒಳಗಿರುವಾಗ ಸೂಜಿಯನ್ನು ಪಕ್ಕಕ್ಕೆ ತಿರುಚಬೇಡಿ, ಮುರಿಯುವುದು ಹೆಚ್ಚಾಗಿ ಹಾಗೆ ತಿರುಚಿದಾಗಲೇ. ಮುರಿದ ಚೂರು ಒಳಗೆ ಬಿದ್ದರೆ ತಲೆಯನ್ನು ಅಲ್ಲಾಡಿಸಿ, ಕುತ್ತಿಗೆಯ ಬಾಯಿಂದ ಆಗಲೇ ತೆಗೆದುಬಿಡಿ.

ಎಳೆಯ ನಡುಮಧ್ಯಕ್ಕೆ ಚುಚ್ಚಿ ಮಡಚಿದ ಹಾಗೆಯೂ ನೆಡಬಹುದು. ಆಗ ಒಂದು ತೂತಿನಿಂದ ಎಳೆಯ ಎರಡೂ ತುದಿ ಹೊರಬರುತ್ತವೆ, ಕೆಲಸ ಬೇಗ ಸಾಗುತ್ತದೆ. ಆದರೆ ಒಂದು ತುದಿ ಮೊಂಡಾಗಿರುತ್ತದೆ. ಹಿಂದಲೆಗೆ ನಡೆಯುತ್ತದೆ, ಹಣೆಗೆ ನಡೆಯುವುದಿಲ್ಲ.

ಓರೆಯೇ ಜೀವಾಳ

ಕೂದಲು ಸೂಜಿ ಕೊರೆದ ದಾರಿಯಲ್ಲೇ ಹೊರಗೆ ಬರುತ್ತದೆ. ಅಂದರೆ ಸೂಜಿಯ ಹಿಡಿ ಯಾವ ಕಡೆಗೆ ಒರಗಿದೆಯೋ ಕೂದಲೂ ಆ ಕಡೆಗೇ ಒರಗುತ್ತದೆ. ಕುತ್ತಿಗೆಯ ಕಡೆ ಇಳಿಯಬೇಕಾದ ಕೂದಲಿಗೆ ಹಿಡಿ ಕುತ್ತಿಗೆಯ ಕಡೆ, ಮೊನೆ ಸುಳಿಯ ಕಡೆ. ಹಣೆಗೆ ಬೀಳಬೇಕಾದ್ದಕ್ಕೆ ಹಿಡಿ ಹಣೆಯ ಕಡೆ, ಮೊನೆ ಮತ್ತೆ ಸುಳಿಯ ಕಡೆ. ಬರೆದಿಟ್ಟ ಬಾಣಕ್ಕೆ ಎದುರಾಗಿ ಚುಚ್ಚುತ್ತಾ ಹೋದರೆ ದಿಕ್ಕು ತಪ್ಪುವುದೇ ಇಲ್ಲ.

ಎಷ್ಟು ಓರೆ? ಹಣೆ, ಕಿವಿ, ಕುತ್ತಿಗೆಯ ಅಂಚಿನಲ್ಲಿ ಸೂಜಿ ಹೆಚ್ಚುಕಮ್ಮಿ ಮಲಗಿದಂತಿರಬೇಕು, 20ರಿಂದ 30 ಡಿಗ್ರಿ. ಮೇಲೆ ಹೋದಂತೆ ತುಸು ಏಳಬಹುದು, ಆದರೆ 45 ದಾಟಬಾರದು. ಓರೆ ಜಾಸ್ತಿಯಾದಷ್ಟೂ ಸೂಜಿ ವಿನೈಲ್ ಒಳಗೆ ಹೆಚ್ಚು ದೂರ ಸಾಗುತ್ತದೆ, ಕೂದಲೂ ಬಿಗಿಯಾಗಿ ಕೂರುತ್ತದೆ. ನೆಟ್ಟಗೆ ಚುಚ್ಚಿದ ಕೂದಲನ್ನು ಆಮೇಲೆ ನೀರು ಹಾಕಿ ಬಾಚಿ ಮಲಗಿಸಬಹುದು ಅಂದುಕೊಳ್ಳಬೇಡಿ. ಒಣಗಿದ ಮೇಲೆ ಮತ್ತೆ ಏಳುತ್ತದೆ. ಅಂಥದ್ದನ್ನು ಆಗಲೇ ಕಿತ್ತು, ಆ ಜಾಗಕ್ಕೆ ಬಿಸಿ ಕೊಟ್ಟರೆ ತೂತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಅಂಟು ಹಾಕುವ ತನಕ ಎಲ್ಲವನ್ನೂ ತಿದ್ದಬಹುದು.

ಎಲ್ಲಿಂದ ಶುರು ಮಾಡಬೇಕು

ಮಾಡಿಗೆ ಹೆಂಚು ಹೊದಿಸುವವರು ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರಲ್ಲ, ಇಲ್ಲಿಯೂ ಹಾಗೇ. ಕುತ್ತಿಗೆಯ ಅಂಚಿನಿಂದ ಹೊರಟು ಸುಳಿಯ ಕಡೆ ಏರಿ. ನೆಟ್ಟ ಕೂದಲು ಕೆಳಗೆ ಬಿದ್ದಿರುತ್ತದೆ, ಮುಂದಿನ ಜಾಗ ಖಾಲಿ ಇರುತ್ತದೆ. ಸುಳಿಯಿಂದ ಶುರು ಮಾಡಿದರೆ ನೆಟ್ಟದ್ದೆಲ್ಲ ನೆಡಬೇಕಾದ ಜಾಗದ ಮೇಲೆಯೇ ಬೀಳುತ್ತದೆ.

ಹಿಂದಲೆ ಮೊದಲು, ಯಾಕಂದರೆ ಕೈ ಅಲ್ಲಿ ಪಳಗಲಿ. ಆಮೇಲೆ ಎರಡೂ ಪಕ್ಕ. ಅಷ್ಟರಲ್ಲಿ ಕೈಗೆ ಹದ ಬಂದಿರುತ್ತದೆ, ಆಗ ಹಣೆಯ ಅಂಚಿಗೆ ಬನ್ನಿ. ಅಲ್ಲಿಂದ ಹಿಂದಕ್ಕೆ ಸಾಗಿ, ಕೊನೆಗೆ ಸುಳಿ ಮುಚ್ಚಿ. ಸುಳಿಯ ಚುಕ್ಕಿಯನ್ನು ಪೂರ್ತಿ ತುಂಬಬೇಡಿ. ಕೂಸಿನ ತಲೆಯಲ್ಲಿ ಅಲ್ಲಿ ಚರ್ಮ ಇಣುಕುತ್ತದೆ.

ತೂತುಗಳ ನಡುವೆ ಒಂದರಿಂದ ಎರಡು ಮಿಲಿಮೀಟರ್ ಅಂತರ ಸಾಕು. ಸಾಲು ಹಿಡಿದು ನೆಡಬೇಡಿ. ಸಾಲು ಕಂಡರೆ ಕಾರ್ಖಾನೆಯ ಗೊಂಬೆಯಾಗಿಬಿಡುತ್ತದೆ. ಹಿಂದು ಮುಂದಾಗಿ, ಚದುರಿದ ಹಾಗೆ ಹಾಕಿ. ಹಣೆಯ ಅಂಚಿನಲ್ಲಿ 43ರ ಸೂಜಿ, ತಿಳಿ ಬಣ್ಣದ ಮೋಹೇರ್, ತೂತಿಗೆ ಒಂದೇ ಎಳೆ. ಇಲ್ಲಿ ಒಂದು ಬೆರಳಗಲ ಜಾಗಕ್ಕೆ ಹಿಂದಲೆಯ ಅಂಗೈಯಗಲದಷ್ಟೇ ಹೊತ್ತು ಹಿಡಿಯಬಹುದು. ಹಿಡಿಯಲಿ. ನೋಡುವವರ ಕಣ್ಣು ಮೊದಲು ಹೋಗುವುದು ಹಣೆಗೇ.

ದಿನಕ್ಕೆ ಒಂದೆರಡು ಗಂಟೆ ಕೂತರೆ ಒಂದು ತಲೆಗೆ ಒಂದೆರಡು ತಿಂಗಳು ಬೇಕಾಗಬಹುದು. ಕುತ್ತಿಗೆ, ಮಣಿಕಟ್ಟು ನೋಯುವ ಮೊದಲೇ ಏಳಿ. ಹಗಲು ಬೆಳಕಿನಲ್ಲೇ ಕೂರುವುದು ಒಳ್ಳೆಯದು. ಆಷಾಢದ ಮಳೆಯಲ್ಲಿ ಘಟ್ಟದ ಮೇಲೆ ಕರೆಂಟು ನಂಬುವ ಹಾಗಿಲ್ಲ, ಕಿಟಕಿಯ ಪಕ್ಕ ಜಾಗ ಮಾಡಿಕೊಳ್ಳಿ. ಹುಬ್ಬನ್ನೂ ಹೀಗೇ ಒಂದೊಂದೇ ಎಳೆ ನೆಡಬಹುದು, ಆದರೆ ಮೊದಲ ಗೊಂಬೆಗೆ ಬಣ್ಣದ ಹುಬ್ಬೇ ಇರಲಿ.

ಒಳಗಿನಿಂದ ಅಂಟು

ನೆಟ್ಟಾದ ಮೇಲೆ ಟೂತ್‌ಬ್ರಷ್‌ನಿಂದ ತಲೆ ಪೂರ್ತಿ ಮೆಲ್ಲಗೆ ಬಾಚಿ. ಸಡಿಲ ಇದ್ದದ್ದು ಉದುರಲಿ. ಖಾಲಿಯಾದ ಕಡೆ ಮತ್ತೆ ನೆಡಿ. ಒಂದು ದಿನ ಬಿಟ್ಟು ಹೊಸ ಕಣ್ಣಿನಿಂದ ಎಲ್ಲ ಕಡೆಯಿಂದ ನೋಡಿ. ಅಂಟು ಹಾಕಿದ ಮೇಲೆ ತಿದ್ದುವುದು ಕಷ್ಟ.

ಅಂಟು ಪಾರದರ್ಶಕವಾಗಿರಬೇಕು, ಒಣಗಿದ ಮೇಲೂ ಬಾಗಬೇಕು, ನೀರಿಗೆ ಕರಗಬಾರದು. ಮರಗೆಲಸದ ಸಾದಾ ಬಿಳಿ ಅಂಟು ನೀರು ತಾಗಿದರೆ ಮೆತ್ತಗಾಗುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಗಡುಸಾಗಿ ಒಡೆಯುತ್ತದೆ, ಬಿಳಿ ಹೊಗೆಯಂಥ ಕಲೆಯನ್ನೂ ಬಿಡುತ್ತದೆ. ಬಟ್ಟೆಗೆ ಬಳಸುವ, ಬಾಗುವ, ನೀರಿಗೆ ಜಗ್ಗದ ಅಂಟು ಹುಡುಕಿ. ಯಾವುದೇ ಇರಲಿ, ಮೊದಲು ಕುತ್ತಿಗೆಯ ಒಳಗಂಚಿಗೆ ಒಂದು ಹನಿ ಹಚ್ಚಿ ಎರಡು ದಿನ ಬಿಟ್ಟು ನೋಡಿ.

ಉದ್ದ ಹಿಡಿಯ ಬ್ರಷ್‌ನಿಂದ ಕುತ್ತಿಗೆಯ ಬಾಯೊಳಗಿಂದ ಹಚ್ಚಿ. ತೀರಾ ತೆಳ್ಳಗಿನ ಅಂಟು ತೂತಿನಿಂದ ಹೊರಗೆ ಸೋರಿ ಕೂದಲನ್ನು ಬುಡದಲ್ಲೇ ಅಂಟಿಸಿಬಿಡುತ್ತದೆ, ಆದ್ದರಿಂದ ಸ್ವಲ್ಪ ಮಂದ ಇರಲಿ. ಆದರೆ ಪದರ ತೆಳುವಾಗಿರಲಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಗಾಜಿನ ಕಣ್ಣು ಕೂರಿಸಿದ್ದರೆ ಆ ಕಡೆ ತಾಗದಂತೆ ನೋಡಿಕೊಳ್ಳಿ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ವಾಸನೆ ಕುಡಿಯಬೇಡಿ. ಡಬ್ಬಿಯ ಮೇಲೆ 24 ಗಂಟೆ ಅಂತ ಬರೆದಿದ್ದರೂ ಕರಾವಳಿಯ ಗಾಳಿಯಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಕೊಡಿ.

ಕತ್ತರಿ ಮತ್ತು ಬಾಚಣಿಗೆ

ಅಂಟು ಪೂರ್ತಿ ಒಣಗಿದ ಮೇಲೆ ಸ್ವಚ್ಛ ನೀರು ಸ್ಪ್ರೇ ಮಾಡಿ, ಬಾಣಗಳ ದಿಕ್ಕಿಗೇ ಬಾಚಿ. ಕಬ್ಬಿಣದಂಶ ಇರುವ ಬಾವಿಯ ನೀರು ಬೇಡ, ಕಲೆ ಕೂರುತ್ತದೆ. ಫಿಲ್ಟರ್ ನೀರು ಸಾಕು. ಉಳಿದ ಪೆನ್ಸಿಲ್ ಗುರುತೂ ಈಗಲೇ ಹೋಗುತ್ತದೆ. ಕತ್ತರಿಸುವಾಗ ಕತ್ತರಿಯನ್ನು ಅಡ್ಡ ಹಿಡಿಯಬೇಡಿ. ಕೂದಲಿನ ಉದ್ದಕ್ಕೆ ಮೊನೆ ಇಟ್ಟು ಚೂರು ಚೂರೇ ತೆಗೆಯಿರಿ. ನವಜಾತ ಕೂಸಿಗೆ ಎರಡು ಮೂರು ಸೆಂಟಿಮೀಟರ್ ಉದ್ದ ಚೆನ್ನಾಗಿ ಕಾಣುತ್ತದೆ. ಸಪೂರ ತುದಿಗಳನ್ನು ಆದಷ್ಟು ಉಳಿಸಿ. ಹಳೆಯ ನೈಲಾನ್ ಕಾಲುಚೀಲದ ತುಂಡನ್ನು ಟೋಪಿಯಂತೆ ಹಾಕಿ ರಾತ್ರಿಯಿಡೀ ಬಿಟ್ಟರೆ ಕೂದಲು ತಲೆಗೆ ಒರಗಿ ಕೂರುತ್ತದೆ.

ನಮ್ಮ ಹವೆಯಲ್ಲಿ ಕಾಪಾಡುವುದು

ಕಾರವಾರದ ಉಪ್ಪುಗಾಳಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಸೂಜಿ ವಿನೈಲ್ ಮೇಲೆ ಕಂದು ಚುಕ್ಕಿ ಬಿಡುತ್ತದೆ. ಬಿಗಿ ಮುಚ್ಚಳದ ಬಾಟಲಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮೋಹೇರ್ ಪ್ರಾಣಿಯ ಕೂದಲಾದ್ದರಿಂದ ನುಸಿಹುಳ ತಿನ್ನುತ್ತದೆ. ಉಳಿದದ್ದನ್ನು ಪೂರ್ತಿ ಒಣಗಿಸಿ ಗಾಳಿಯಾಡದ ಡಬ್ಬಿಗೆ ಹಾಕಿ, ಆಗಾಗ ತೆಗೆದು ನೋಡಿ. ನುಸಿಗುಳಿಗೆಯನ್ನು ಗೊಂಬೆಯ ಪೆಟ್ಟಿಗೆಯಲ್ಲಿ ಹಾಕದಿರುವುದು ಒಳ್ಳೆಯದು. ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತವೆ.

ಗೊಂಬೆಯನ್ನು ಯಾರಿಗಾದರೂ ಕೊಡುವುದಾದರೆ ಎರಡು ಮಾತು ಬರೆದು ಕೊಡಿ. ಇದು ಸಣ್ಣ ಮಕ್ಕಳು ಎಳೆದಾಡುವ ಆಟಿಕೆಯಲ್ಲ, ಬಾಯಿಗೆ ಚುಪ್ಪಿ (ಕೂಸು ಚೀಪುವ ನಿಪ್ಪಲ್) ಅಂಟಲು ಒಳಗೆ ಅಯಸ್ಕಾಂತ ಇಟ್ಟಿದ್ದರಂತೂ ಅವರ ಕೈಗೆ ಕೊಡಲೇಬಾರದು. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಸಮಾಧಾನವಾಗಲಿ ಎಂದು ಇಂಥ ಗೊಂಬೆ ಕೊಡುವವರಿದ್ದಾರೆ. ಅವರ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅಯಸ್ಕಾಂತವಿಲ್ಲದ ಗೊಂಬೆಯನ್ನೇ ಮಾಡಿಕೊಡಿ. ಇನ್ನೊಂದು, ನಮ್ಮ ಮನೆಗಳಲ್ಲಿ ಕೂಸಿನ ತಲೆ ಕಂಡರೆ ಕೈ ತಾನಾಗಿಯೇ ಕೊಬ್ಬರಿ ಎಣ್ಣೆಗೆ ಹೋಗುತ್ತದೆ. ಮೋಹೇರಿಗೆ ಎಣ್ಣೆ ತಾಗಿದರೆ ಎಳೆಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಧೂಳು ಹಿಡಿಯುತ್ತದೆ. ಬಾಚುವ ಮುಂಚೆ ಬ್ರಷ್ಷಿಗೆ ಎರಡು ಹನಿ ನೀರು, ಅಷ್ಟೇ ಸಾಕು.